ಕೈ ಹಿಡಿದುಕೊಂಡರೆ ಹೆದರಿಕೆ ಕಡಿಮೆಯಾಗುವುದು ನಿಜಾನಾ?

ಪ್ರಶ್ನೆ: ಇಂಜೆಕ್ಷನ್ ಅಂದರೆ ಚಿಕ್ಕಂದಿನಿಂದಲೂ ನನಗೆ ಭಯ. ಆದರೆ ನಮ್ಮ ಯಜಮಾನರು ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡರೆ ಅಷ್ಟು ಹೆದರಿಕೆ ಆಗಲ್ಲ. ಸೂಜಿ ಅದೇ, ನೋವೂ ಅದೇ. ಇದು ಸುಮ್ನೆ ಮನಸ್ಸಿನ ಸಮಾಧಾನವಾ, ಇಲ್ಲಾ ಮೆದುಳಿನಲ್ಲಿ ಏನಾದರೂ ಬದಲಾಗುತ್ತಾ?

ಬದಲಾಗುತ್ತದೆ. ಸ್ಕ್ಯಾನ್ ಮಾಡಿ ನೋಡಿಯೂ ಆಗಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೋನ್, ಹಿಲರಿ ಶೇಫರ್, ರಿಚರ್ಡ್ ಡೇವಿಡ್‌ಸನ್ ಮಾಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಭಾಗವಹಿಸಿದ್ದು 16 ಹೆಂಗಸರು. ಎಲ್ಲರಿಗೂ ಮದುವೆಯಾಗಿತ್ತು, ಸಂಸಾರ ಚೆನ್ನಾಗಿಯೇ ಇತ್ತು. ಒಬ್ಬೊಬ್ಬರನ್ನೇ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಅದರೊಳಗೆ ಹೋಗಿ ಬಂದವರಿಗೆ ಗೊತ್ತು: ಮೂಗಿಗೆ ತಾಗುತ್ತದೇನೋ ಅನ್ನಿಸುವ ಗೋಡೆ, ಕಿವಿಗೆ ಬಡಿಯುವ ಸದ್ದು, ಅಲ್ಲಾಡುವ ಹಾಗಿಲ್ಲ. ಸಾಲದ್ದಕ್ಕೆ ಇಲ್ಲಿ ಕಾಲಿನ ಗಿಣ್ಣಿಗೆ ಶಾಕ್ ಕೊಡುವ ತಂತಿ ಬೇರೆ. ಎದುರಿಗೆ ನೀಲಿ ಬಣ್ಣದ ‘ಓ’ ಬಂದರೆ ಏನೂ ಆಗುವುದಿಲ್ಲ. ಕೆಂಪು ‘ಎಕ್ಸ್’ ಬಂದರೆ ಶಾಕ್ ಹೊಡೆಯುವ ಸಾಧ್ಯತೆ ಶೇ. 20. ಹೊಡೆಯುತ್ತೋ ಇಲ್ಲವೋ ಅಂತ ಕೆಲವು ಸೆಕೆಂಡ್ ಕಾಯಬೇಕು. ಶಾಕ್‌ಗಿಂತ ಆ ಕಾಯುವುದೇ ಜಾಸ್ತಿ ಹಿಂಸೆ, ಅಲ್ವಾ? ಸಂಶೋಧಕರಿಗೆ ಬೇಕಾಗಿದ್ದೂ ಅದೇ.

ಇದನ್ನು ಮೂರು ಸಲ ಮಾಡಿದರು. ಒಮ್ಮೆ ಗಂಡನ ಕೈ ಹಿಡಿದು, ಒಮ್ಮೆ ಮುಖವನ್ನೇ ನೋಡದ ಅಪರಿಚಿತ ಗಂಡಸಿನ ಕೈ ಹಿಡಿದು, ಒಮ್ಮೆ ಯಾರ ಕೈಯೂ ಇಲ್ಲದೆ. ಒಂಟಿಯಾಗಿ ಮಲಗಿದ್ದಾಗ ಅಪಾಯಕ್ಕೆ ಎಚ್ಚೆತ್ತುಕೊಳ್ಳುವ ಭಾಗಗಳು ಜೋರಾಗಿ ಕೆಲಸ ಮಾಡುತ್ತಿದ್ದವು. ಅಪರಿಚಿತನ ಕೈ ಹಿಡಿದಾಗ ಮೈಯನ್ನು ಓಡಲು, ಹೋರಾಡಲು ಸಜ್ಜುಮಾಡುವ ಕೆಲವು ಭಾಗಗಳಷ್ಟೇ ತಣ್ಣಗಾದವು. ಗಂಡನ ಕೈ ಹಿಡಿದಾಗ ಇನ್ನೂ ಎಷ್ಟೋ ಭಾಗಗಳು ಸುಮ್ಮನಾದವು.

ಓದುತ್ತಾ ನನಗೆ ನನ್ನ ಹಲ್ಲು ಕೀಳಿಸಿದ ದಿನ ನೆನಪಾಯಿತು. ಕುರ್ಚಿಯಲ್ಲಿ ಮರಗಟ್ಟಿ ಕೂತಿದ್ದೆ. ಅಲ್ಲಿನ ಸಹಾಯಕಿ, ಹೆಸರೂ ಗೊತ್ತಿಲ್ಲ, ಬಂದು ಕೈ ಮೇಲೆ ಕೈ ಇಟ್ಟರು. ಬಿಗಿಹಿಡಿದಿದ್ದ ಭುಜ ಇಳಿಯಿತು. ಆದರೆ ತಲೆಯೊಳಗೆ ‘ಇನ್ನೇನು ಶುರು, ಇನ್ನೇನು ಶುರು’ ಅನ್ನುವುದು ಮಾತ್ರ ನಿಲ್ಲಲಿಲ್ಲ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಹಣೆಯ ಹಿಂದಿನ ಭಾಗ ಭಯವನ್ನು ಹದ್ದುಬಸ್ತಿನಲ್ಲಿಡುತ್ತದೆ ಅನ್ನುತ್ತಾರೆ. ಪ್ರೀತಿಯವರು ಕೈ ಹಿಡಿದಾಗ ಅದಕ್ಕೆ ಬಲ ಬಂದು ಭಯವನ್ನು ಅದುಮುತ್ತದೆ ಅಂತ ಯಾರಾದರೂ ಊಹಿಸುತ್ತಾರೆ. ಆದರೆ ಅಲ್ಲೂ ಒಂದು ಕಡೆ ಕೆಲಸ ಕಡಿಮೆಯೇ ಆಗಿತ್ತು. ಮದುವೆ ಮನೆಯಲ್ಲಿ ಸಾರಿನ ಕೊಪ್ಪರಿಗೆ ಇಳಿಸುವಾಗ ಇನ್ನೊಬ್ಬರು ಬಂದು ಕೈ ಹಾಕಿದರೆ ನಿಮ್ಮ ತೋಳಿಗೇನೂ ಹೆಚ್ಚು ಬಲ ಬರುವುದಿಲ್ಲ. ಭಾರ ಕಡಿಮೆಯಾಗುತ್ತದೆ, ಅಷ್ಟೆ. ಕೋನ್ ಆಮೇಲೆ ಇದನ್ನೇ ಬೆಳೆಸಿದರು. ಜೊತೆಗೆ ಜನ ಇರುತ್ತಾರೆ ಅಂತಲೇ ಮೆದುಳು ಲೆಕ್ಕ ಹಾಕಿಕೊಂಡಿರುತ್ತದೆ, ಒಂಟಿಯಾದಾಗಲೇ ಅದಕ್ಕೆ ಹೆಚ್ಚುವರಿ ದುಡಿಮೆ ಅನ್ನುವುದು ಅವರ ವಾದ.

ಹಾಗಂತ ಗಂಡ ಅನ್ನಿಸಿಕೊಂಡ ಯಾರ ಕೈಯಾದರೂ ಒಂದೇ ಅಲ್ಲ. ಆ 16 ಜನರಲ್ಲೂ ದಾಂಪತ್ಯ ಹೆಚ್ಚು ಚೆನ್ನಾಗಿದ್ದವರಿಗೆ ಹೆಚ್ಚು ಲಾಭ ಸಿಕ್ಕಿತ್ತು. ದೇಹದಲ್ಲಿ ಒತ್ತಡದ ಹಾರ್ಮೋನುಗಳಿಗೆ ಚಾಲನೆ ಕೊಡುವ ಹೈಪೋಥಲಾಮಸ್ ಕೂಡ ಅವರಲ್ಲಿ ಹೆಚ್ಚು ಶಾಂತವಾಗಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಂಬಂಧ ಹದಗೆಟ್ಟಿದ್ದ ಜೋಡಿಗಳನ್ನು ತೆಗೆದುಕೊಂಡರು. ಮೊದಲು ಸಂಗಾತಿಯ ಕೈ ಹಿಡಿದರೂ ಆ ಹೆಂಗಸರ ಮೆದುಳಿಗೆ ನೆಮ್ಮದಿ ಸಿಗಲಿಲ್ಲ. ಜೋಡಿಯಾಗಿ ಕೂತು ಕೌನ್ಸೆಲಿಂಗ್ ಪಡೆದ ಮೇಲೆ ಅದೇ ಕೈ ಕೆಲಸ ಮಾಡಿತು. 16 ಜನರ ಪ್ರಯೋಗ ಚಿಕ್ಕದು, ಒಪ್ಪುತ್ತೇನೆ. ಆದರೂ ಕೈ ಯಾರದ್ದು ಅನ್ನುವುದು ಮುಖ್ಯ ಅನ್ನುವ ಮಾತು ಎರಡೂ ಕಡೆ ತಾಳೆಯಾಗುತ್ತದೆ.

ಬೆನ್ನು ಸವರುವುದು, ತೋಳು ನೇವರಿಸುವುದು ಸ್ವಲ್ಪ ಬೇರೆ. ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಅನ್ನುವ ನಿಧಾನದ ನರತಂತುಗಳಿವೆ. ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ, ಬೆಚ್ಚಗಿನ ಕೈಯಿಂದ ಸವರಿದರೆ ಅವು ಚೆನ್ನಾಗಿ ಮಿಡಿಯುತ್ತವೆ. ನಿಮ್ಮ ತೋಳಿನ ಮೇಲೇ ನೋಡಿ, ಮೊಣಕೈಯಿಂದ ಮಣಿಕಟ್ಟು ಮುಟ್ಟಲು ಏಳೆಂಟು ಸೆಕೆಂಡ್ ಬೇಕು. ಅಳುವ ಮಗುವನ್ನು ಸಮಾಧಾನ ಮಾಡುವ ಅಜ್ಜಿಯ ಕೈ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಓಡಾಡುತ್ತದೆ. ಅಂಗೈಯಲ್ಲಿ ಈ ತಂತುಗಳು ತೀರಾ ಕಡಿಮೆ.

ಇನ್ನು ನಿಮ್ಮ ‘ನೋವೂ ಅದೇ’ ಅನ್ನುವ ಮಾತು. ಅಲ್ಲಿ ಸ್ವಲ್ಪ ತಿದ್ದಬೇಕು. ಲಾಸ್ ಏಂಜಲೀಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಂಗಸರ ತೋಳಿಗೆ ಬಿಸಿ ತಾಗಿಸಿ ಎಷ್ಟು ನೋಯುತ್ತಿದೆ ಅಂತ ಕೇಳಿದರು. ಪರದೆಯ ಆಚೆ ಕೂತ ಸಂಗಾತಿಯ ಕೈ ಹಿಡಿದಾಗ, ಅಪರಿಚಿತರ ಕೈ ಅಥವಾ ಚೆಂಡು ಹಿಡಿದಾಗಿನದಕ್ಕಿಂತ ಕಡಿಮೆ ನೋವು ಅಂದರು. ಸಂಗಾತಿಯ ಬರೀ ಫೋಟೊ ನೋಡಿದಾಗಲೂ ನೋವು ಕಡಿಮೆಯಾಗಿತ್ತು.

ಹಾಗಾಗಿ ಮುಂದಿನ ಸಲ ಯಜಮಾನರಿಗೆ ರಜೆ ಸಿಗದಿದ್ದರೆ, ಸೂಜಿ ಚುಚ್ಚುವ ಹೊತ್ತಿಗೆ ಮೊಬೈಲ್‌ನಲ್ಲಿ ಅವರ ಫೋಟೊ ತೆಗೆದಿಟ್ಟುಕೊಳ್ಳಿ. ನರ್ಸ್ ನಕ್ಕರೆ ನಗಲಿ.