ಫಾರ್ಮುಲಾ ಒನ್ 'ಹಸಿರು ನರಕ' ಬಿಟ್ಟಿದ್ದು ಯಾಕೆ?

ಚಾಲಕ ನಿಕಿ ಲೌಡಾ ಬೆಂಕಿಯಲ್ಲಿ ಸುಟ್ಟುಕೊಂಡರು, ಅದಕ್ಕೇ ಫಾರ್ಮುಲಾ ಒನ್ ಕಾರ್ ರೇಸ್ 'ಹಸಿರು ನರಕ' ಅನ್ನೋ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್ ಬಿಟ್ಟಿತು. ಎಲ್ಲರೂ ಹೇಳೋದು ಹೀಗೇ. ಪೂರ್ತಿ ಸುಳ್ಳೂ ಅಲ್ಲ, ಆದರೆ ಜಗಳ ಶುರುವಾಗಿದ್ದು ಅದಕ್ಕೂ ಎಷ್ಟೋ ಮೊದಲು.

ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ, ಕೆಲಸವಿಲ್ಲದವರಿಗೆ ಕೂಲಿಯಾದರೂ ಸಿಗಲಿ ಅಂತಲೂ ಕಟ್ಟಿದ ಈ ಟ್ರ್ಯಾಕ್ 1927ರಲ್ಲಿ ತೆರೆಯಿತು. ಯುದ್ಧ ಬಂತು, ಹೋಯಿತು, ಕಾರುಗಳ ವೇಗ ಎಲ್ಲಿಗೋ ಮುಟ್ಟಿತು. ರಸ್ತೆ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು.

ರೇಸ್ ನಡೆಯುತ್ತಿದ್ದ ನಾರ್ಡ್‌ಶ್ಲೈಫೆ, ಅಂದರೆ ಉತ್ತರದ ಸುತ್ತು, ಆಗ ಸುಮಾರು 22.8 ಕಿ.ಮೀ. ಏರಿಳಿತವೇ 300 ಮೀಟರಿನಷ್ಟು. ಟೈರ್ ಬದಲಿಸುವ ಪಿಟ್ ಹತ್ತಿರ ಬಿಸಿಲಿದ್ದರೂ ಕಾಡಿನ ಆ ಕಡೆ ಮಳೆ ಸುರಿಯುತ್ತಿರಬಹುದು, ಇನ್ನು ಯಾವ ಟೈರ್ ಹಾಕೋದು ಹೇಳಿ? ಉಬ್ಬುಗಳ ಮೇಲೆ ಕಾರು ನೆಲ ಬಿಟ್ಟು ಹಾರುತ್ತಿತ್ತು. 1968ರಲ್ಲಿ ಮಂಜು, ಮಳೆ ಎರಡರ ನಡುವೆ ಚಾಲಕ ಜಾಕಿ ಸ್ಟೀವರ್ಟ್ ನಾಲ್ಕು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಈ ಟ್ರ್ಯಾಕಿಗೆ 'ಹಸಿರು ನರಕ' ಅಂತ ಹೆಸರಿಟ್ಟವರೂ ಅವರೇ. ಸೋತವರು ಹೊಟ್ಟೆಕಿಚ್ಚಿಗೆ ಅಂದಿದ್ದಲ್ಲ, ನೋಡಿ.

1970ರಲ್ಲಿ ಚಾಲಕರು ಪಟ್ಟು ಹಿಡಿದರು, ರೇಸ್ ಜರ್ಮನಿಯದೇ ಇನ್ನೊಂದು ಟ್ರ್ಯಾಕ್ ಹಾಕನ್‌ಹೈಮ್‌ಗೆ ಹೋಯಿತು. ಉಬ್ಬು ತಗ್ಗಿಸಿ, ಅಂಚಿಗೆ ತಡೆಬೇಲಿ ಹಾಕಿ ಮರುವರ್ಷ ವಾಪಸ್ ಕರೆದರು. ಆದರೆ ಉದ್ದವನ್ನು ಹೇಗೆ ರಿಪೇರಿ ಮಾಡೋದು? ಅಷ್ಟು ದೂರಕ್ಕೆ ಅಪಘಾತವಾದರೆ ಓಡಿ ಬರುವ ಎಷ್ಟು ಜನ ಮಾರ್ಷಲ್‌ಗಳನ್ನು, ಎಷ್ಟು ಆಂಬುಲೆನ್ಸ್‌ಗಳನ್ನು ನಿಲ್ಲಿಸಿದರೂ ಸಾಲದು.

1976ರಲ್ಲಿ ಇಲ್ಲಿ ಓಡಿಸೋದು ಬೇಡ ಅಂದವರಲ್ಲಿ ಲೌಡಾ ಮುಂದಿದ್ದರು. ಹೆದರಿಕೆ ಅಂತ ತಳ್ಳಿಹಾಕೋಕೆ ಆಗಲ್ಲ, ಯಾಕೆಂದರೆ ಹಿಂದಿನ ವರ್ಷ ಇದೇ ಸುತ್ತನ್ನು ಮೊದಲ ಬಾರಿಗೆ ಏಳು ನಿಮಿಷದೊಳಗೆ ಮುಗಿಸಿದವರು ಅವರೇ. ಚಾಲಕರ ಮತದಲ್ಲಿ ಸೋತರು. ಆಗಸ್ಟ್ 1ರಂದು ಎರಡನೇ ಸುತ್ತಿನಲ್ಲೇ, ಬೆರ್ಗ್‌ವೆರ್ಕ್ ತಿರುವಿನ ಹತ್ತಿರ, ಅವರ ಫೆರಾರಿ ಅಂಚಿಗೆ ಬಡಿದು ಹೊತ್ತಿಕೊಂಡಿತು. ಎಳೆದು ಹೊರಗೆ ಹಾಕಿದ್ದು ಹಿಂದೆ ಬರುತ್ತಿದ್ದ ಚಾಲಕರು: ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಆರು ವಾರಕ್ಕೇ ಲೌಡಾ ಇಟಲಿಯ ಮೊಂಜಾದಲ್ಲಿ ರೇಸ್ ಓಡಿಸಿ ನಾಲ್ಕನೆಯವರಾದರು, ಆ ಮಾತು ಬೇರೆ. ಇಲ್ಲಿ ಇದೇ ಕೊನೆಯ ಫಾರ್ಮುಲಾ ಒನ್ ಅನ್ನೋದು ಮಾತ್ರ ಆ ರೇಸಿಗೂ ಮೊದಲೇ ತೀರ್ಮಾನವಾಗಿತ್ತು.

1984ರಲ್ಲಿ ಪಕ್ಕದಲ್ಲೇ ಪುಟ್ಟ ಹೊಸ ಟ್ರ್ಯಾಕ್ ಬಂತು. ಹಳೆಯದರಲ್ಲಿ, ಈಗ 20.8 ಕಿ.ಮೀ., 24 ಗಂಟೆಯ ರೇಸ್ ಇನ್ನೂ ನಡೆಯುತ್ತದೆ. 2015ರಲ್ಲಿ ಒಂದು ಕಾರು ಬೇಲಿ ಹಾರಿ ಪ್ರೇಕ್ಷಕರೊಬ್ಬರು ಸತ್ತ ಮೇಲೆ ರೇಸ್ ಟ್ರ್ಯಾಕಿಗೇ ವೇಗದ ಮಿತಿ ಬಂತು, ಮುಂದಿನ ವರ್ಷ ರಸ್ತೆ ಸರಿಮಾಡಿ ಆ ಮಿತಿ ತೆಗೆದರು. ಜನರಿಗೆ ಬಿಟ್ಟ ದಿನಗಳಲ್ಲಿ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದು. ಓವರ್‌ಟೇಕ್ ಮಾತ್ರ ಎಡದಿಂದಲೇ ಮಾಡಬೇಕು.