ಉಸಿರಿನ ಸ್ಯಾಂಪಲ್ ಸಂಗ್ರಹಿಸುವ ಸಾಧನವನ್ನು ಪರೀಕ್ಷಿಸುವುದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ರಸಾಯನಶಾಸ್ತ್ರ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಉಸಿರಿನ ವಿಶ್ಲೇಷಣೆ ಅಂದಕೂಡಲೇ ನಾವು ಜಿಸಿ-ಎಂಎಸ್ (ಆವಿಗಳನ್ನು ಬೇರ್ಪಡಿಸಿ ಯಾವುದು ಯಾವುದೆಂದು ಗುರುತಿಸುವ) ಯಂತ್ರದ ಬಗ್ಗೆ ಓದಲು ಕೂರುತ್ತೇವೆ. ಆದರೆ ಯಂತ್ರಕ್ಕೆ ಹೋಗುವ ಮೊದಲೇ ಸ್ಯಾಂಪಲ್ ಕೆಟ್ಟಿದ್ದರೆ ಎಷ್ಟು ದುಬಾರಿ ಯಂತ್ರವಿದ್ದೂ ಉಪಯೋಗವಿಲ್ಲ. ಆದ್ದರಿಂದ ಇಲ್ಲಿ ಬರೀ ಸಂಗ್ರಹದ ಸಾಧನದ ಮಾತು. ಯಾವ ಸಾಧನ ಕೈಗೆ ಬಂದರೂ ನಾನು ಎರಡು ವಿಷಯ ನೋಡುತ್ತೇನೆ: ಅದು ಸ್ಯಾಂಪಲ್‌ಗೆ ತಾನಾಗಿ ಏನು ಸೇರಿಸುತ್ತದೆ, ಸ್ಯಾಂಪಲ್‌ನಿಂದ ಏನನ್ನು ಕಳೆಯುತ್ತದೆ.

ನಾವು ಹೊರಬಿಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಆಮ್ಲಜನಕ ಸುಮಾರು 16%, ಕಾರ್ಬನ್ ಡೈಆಕ್ಸೈಡ್ 4ರಿಂದ 5%, ಜೊತೆಗೆ ನೀರಾವಿ. ನಮಗೆ ಬೇಕಾದ ಅಸಿಟೋನ್, ಐಸೊಪ್ರೀನ್‌ನಂಥ ಆವಿಗಳು ಇರುವುದು ಪಿಪಿಬಿ ಮಟ್ಟದಲ್ಲಿ, ಅಂದರೆ ನೂರು ಕೋಟಿ ಭಾಗದಲ್ಲಿ ಕೆಲವು ಭಾಗ. 1971ರಲ್ಲಿ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ ಉಸಿರಿನಲ್ಲಿ ಸುಮಾರು 250 ಸಂಯುಕ್ತಗಳಿವೆ ಎಂದು ತೋರಿಸಿತು. ಇಷ್ಟು ಕಡಿಮೆ ಪ್ರಮಾಣ ಅಳೆಯುವಾಗ ಉಸಿರು ತುಂಬುವ ಬ್ಯಾಗಿನ ಪ್ಲಾಸ್ಟಿಕ್ಕೂ ಒಂದು ಸ್ಯಾಂಪಲ್ ಆಗಿಬಿಡುತ್ತದೆ.

ಯಾವ ಭಾಗದ ಉಸಿರು?

ಒಂದು ಸಹಜ ಉಸಿರು ಸುಮಾರು 500 ಮಿ.ಲೀ. ಅದರಲ್ಲಿ ಮೊದಲ 150 ಮಿ.ಲೀ. ಬಾಯಿ, ಗಂಟಲು, ಶ್ವಾಸನಾಳದಲ್ಲಿ ನಿಂತಿದ್ದ ಗಾಳಿ. ಅದು ರಕ್ತದ ಹತ್ತಿರಕ್ಕೇ ಹೋಗಿಲ್ಲ. ಶ್ವಾಸಕೋಶದ ಆಳದ ಗಾಳಿಯಲ್ಲಿ 600 ಪಿಪಿಬಿ ಅಸಿಟೋನ್ ಇದೆ, ಮೊದಲ ಭಾಗದಲ್ಲಿ ಏನೂ ಇಲ್ಲ ಎಂದುಕೊಳ್ಳಿ. ಪೂರ್ತಿ ಉಸಿರನ್ನು ಬ್ಯಾಗಿಗೆ ತುಂಬಿದರೆ ಸಿಗುವುದು 420 ಪಿಪಿಬಿ. ಸಾಧನದಲ್ಲಿ ದೋಷವಿಲ್ಲದಿದ್ದರೂ 30% ಹೋಯಿತು. ಇದಕ್ಕಾಗಿಯೇ ಒಳ್ಳೆಯ ಸಾಧನಗಳು ಕಾರ್ಬನ್ ಡೈಆಕ್ಸೈಡ್ ಅಥವಾ ಒತ್ತಡದ ಸೆನ್ಸರ್ ಇಟ್ಟುಕೊಂಡು, ಉಸಿರಿನ ಕೊನೆಯ ಭಾಗ ಬಂದಾಗ ಮಾತ್ರ ವಾಲ್ವ್ ತೆರೆಯುತ್ತವೆ. ಕುಡಿದು ಗಾಡಿ ಓಡಿಸುವವರನ್ನು ತಡೆಯುವ ಪೊಲೀಸರು ಉದ್ದಕ್ಕೆ ಊದಿಸುವುದೂ ಇದೇ ಕಾರಣಕ್ಕೆ. ಆ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ರಕ್ತ-ಉಸಿರಿನ ಅನುಪಾತ 2100:1, ಅಂದರೆ 2100 ಮಿ.ಲೀ. ಉಸಿರಿನಲ್ಲಿರುವಷ್ಟು ಆಲ್ಕೋಹಾಲ್ 1 ಮಿ.ಲೀ. ರಕ್ತದಲ್ಲಿ. ನಮ್ಮ ದೇಶದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಅಂದರೆ ಒಂದು ಲೀಟರ್ ಉಸಿರಿನಲ್ಲಿ ಸುಮಾರು 0.14 ಮಿ.ಗ್ರಾಂ. ಅಷ್ಟೇ.

ಖಾಲಿ ಸಾಧನ ಏನು ಹೇಳುತ್ತದೆ?

ಮನುಷ್ಯರ ಉಸಿರಿಗೆ ಮೊದಲು ಶುದ್ಧ ಸಾರಜನಕವನ್ನು ಸಾಧನದ ಮೂಲಕ ಹಾಯಿಸಿ. ಅದೇ ಬ್ಲ್ಯಾಂಕ್. ಟೆಡ್ಲಾರ್ ಎಂಬ ಪ್ಲಾಸ್ಟಿಕ್ಕಿನ ಬ್ಯಾಗಿನಲ್ಲಿ ಫೀನಾಲ್ ಮತ್ತು ಎನ್,ಎನ್-ಡೈಮೀಥೈಲ್ ಅಸಿಟಮೈಡ್‌ನ ಪೀಕ್ (ಯಂತ್ರದ ಗೆರೆಯಲ್ಲಿ ಒಂದೊಂದು ಸಂಯುಕ್ತಕ್ಕೆ ಏಳುವ ಶಿಖರ) ಕಾಣುತ್ತದೆ. ಎರಡೂ ಬ್ಯಾಗಿನವೇ, ಉಸಿರಿನವಲ್ಲ. ಸಿಲಿಕೋನ್ ಮಾಸ್ಕ್ ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳನ್ನು ಬಿಡುತ್ತದೆ. ಬ್ಯಾಗನ್ನು ಬಿಸಿ ಮಾಡಿ ಸಾರಜನಕದಿಂದ ಹಲವು ಸಲ ತೊಳೆದರೆ ಈ ಪೀಕ್‌ಗಳು ಕಡಿಮೆ ಆಗುತ್ತವೆ, ಪೂರ್ತಿ ಹೋಗುವುದಿಲ್ಲ. ಬ್ಲ್ಯಾಂಕ್ ತೋರಿಸದ ವರದಿಯನ್ನು ನಾನು ನಂಬುವುದಿಲ್ಲ. ಅದೇ ಸಾಧನವನ್ನು ಮತ್ತೆ ಬಳಸುವುದಾದರೆ, ಹೆಚ್ಚು ಸಾಂದ್ರತೆಯ ಸ್ಯಾಂಪಲ್ ಆದ ಮೇಲೆ ಇನ್ನೊಂದು ಬ್ಲ್ಯಾಂಕ್ ತೆಗೆಯಿರಿ. ಹಿಂದಿನದು ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ.

ನೀರು: ಎಲ್ಲಕ್ಕಿಂತ ದೊಡ್ಡ ತಲೆನೋವು

ಕಳೆಯುವ ಲೆಕ್ಕ ಇನ್ನೂ ಕಷ್ಟ. ಗೊತ್ತಿರುವ ಪ್ರಮಾಣದ ಸ್ಟ್ಯಾಂಡರ್ಡ್ ಗ್ಯಾಸನ್ನು ಒಳಗೆ ಬಿಟ್ಟು, ಎಷ್ಟು ವಾಪಸ್ ಬಂತು ಎಂದು ನೋಡುವುದು ರಿಕವರಿ. 100 ಪಿಪಿಬಿ ಬಿಟ್ಟು 82 ಸಿಕ್ಕರೆ ರಿಕವರಿ 82%. ಇಲ್ಲಿ ತುಂಬಾ ಜನ ಮರೆಯುವ ವಿಷಯ ಒಂದಿದೆ. ಸಿಲಿಂಡರಿನ ಗ್ಯಾಸ್ ಒಣ, ಉಸಿರು ಒದ್ದೆ. ಒಣ ಗ್ಯಾಸಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಸಾಧನ ಉಸಿರಿನಲ್ಲಿ ಹಾಗೇ ಮಾಡುತ್ತದೆ ಅನ್ನುವ ಹಾಗಿಲ್ಲ. ಆದ್ದರಿಂದ ಗ್ಯಾಸಿಗೆ ಬಿಸಿ ನೀರಾವಿ ಬೆರೆಸಿಯೇ ಪರೀಕ್ಷೆ ಮಾಡಬೇಕು.

ಲೆಕ್ಕ ಹಾಕಿ ನೋಡೋಣ. ಉಸಿರು ಸುಮಾರು 34 ಡಿಗ್ರಿಯಲ್ಲಿ ಹೊರಬರುತ್ತದೆ. ಪೂರ್ತಿ ತೇವ ತುಂಬಿರುವುದರಿಂದ ಒಂದು ಲೀಟರಿನಲ್ಲಿ ಸುಮಾರು 37 ಮಿ.ಗ್ರಾಂ. ನೀರು ಇರುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಲ್ಯಾಬ್ 22 ಡಿಗ್ರಿ ಇದೆ ಎಂದುಕೊಳ್ಳಿ. ಆ ತಾಪಮಾನದಲ್ಲಿ ಲೀಟರ್ ಗಾಳಿ ಹಿಡಿದಿಡುವುದು ಸುಮಾರು 19 ಮಿ.ಗ್ರಾಂ. ಮಾತ್ರ. ಉಳಿದ ಸುಮಾರು 18 ಮಿ.ಗ್ರಾಂ. ಬ್ಯಾಗಿನ ಒಳಗೋಡೆಗೆ ಹನಿಯಾಗಿ ಅಂಟುತ್ತದೆ. ಅಮೋನಿಯ, ಅಸಿಟೋನ್‌ನಂಥ ನೀರಲ್ಲಿ ಕರಗುವ ಆವಿಗಳು ಆ ಹನಿಯೊಳಗೆ ಹೋಗುತ್ತವೆ. ನೀವು ಅಳೆಯುವುದು ಉಳಿದದ್ದನ್ನು ಮಾತ್ರ. ಬ್ಯಾಗನ್ನು 37-40 ಡಿಗ್ರಿಗೆ ಬೆಚ್ಚಗಿಟ್ಟು ವಿಶ್ಲೇಷಣೆ ಮಾಡಿದರೆ ಈ ನಷ್ಟ ಕಡಿಮೆ.

ಈಗ ಅದೇ ಬ್ಯಾಗನ್ನು ವಿಜಯಪುರದ ಮೇ ತಿಂಗಳಲ್ಲಿ ತುಂಬಿ. ಹೊರಗೆ 40 ಡಿಗ್ರಿ. ಹನಿ ಕಟ್ಟುವ ಭಯವಿಲ್ಲ. ಆದರೆ ಬಿಸಿಗೆ ಪ್ಲಾಸ್ಟಿಕ್ ತನ್ನ ಆವಿಯನ್ನು ಜಾಸ್ತಿ ಬಿಡುತ್ತದೆ, ಒಳಗಿನ ಸಣ್ಣ ಅಣುಗಳೂ ಗೋಡೆ ದಾಟಿ ಬೇಗ ಹೊರಹೋಗುತ್ತವೆ. ಒಂದೇ ಸಾಧನ, ಎರಡು ಊರು, ಎರಡು ಬೇರೆ ಬೇರೆ ತಪ್ಪು. ತಯಾರಕರು 25 ಡಿಗ್ರಿಯಲ್ಲಿ ಕೊಟ್ಟ ಅಂಕಿ ಈ ಎರಡಕ್ಕೂ ಹೊಂದುವುದಿಲ್ಲ. ನಮ್ಮ ಭಾಗದಲ್ಲಿ ಕೆಲಸ ಮಾಡುವವರು ಈ ಎರಡು ತಾಪಮಾನದಲ್ಲೂ ರಿಕವರಿ ತೆಗೆಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದೂರದ ಲೆಕ್ಕವೂ ಇದೆ. ವಿಜಯಪುರದಿಂದ ಬೆಳಗಾವಿಗೆ ಸುಮಾರು 200 ಕಿ.ಮೀ. ಬ್ಯಾಗಿನ ಸ್ಯಾಂಪಲ್ಲನ್ನು ಕೆಲವೇ ಗಂಟೆಗಳಲ್ಲಿ ಮುಗಿಸುವುದು ಒಳ್ಳೆಯದು. ಅಷ್ಟರಲ್ಲಿ ಬಸ್ ಇನ್ನೂ ದಾರಿಯಲ್ಲೇ ಇರುತ್ತದೆ. ಟೆನಾಕ್ಸ್ (ಆವಿಗಳನ್ನು ಹಿಡಿದಿಡುವ ಪಾಲಿಮರ್ ಕಣಗಳು) ತುಂಬಿದ ಸ್ಟೀಲ್ ಟ್ಯೂಬಿನ ಮೂಲಕ ಉಸಿರನ್ನು ಎಳೆದು, ಎರಡೂ ಬದಿ ಬಿಗಿಯಾಗಿ ಮುಚ್ಚಿ, ತಂಪಿನಲ್ಲಿ ಇಟ್ಟರೆ ಅನೇಕ ಸಂಯುಕ್ತಗಳು ಹಲವು ದಿನ ಉಳಿಯುತ್ತವೆ. ಟೆನಾಕ್ಸ್ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಅದು ದೊಡ್ಡ ಅನುಕೂಲ. ತುಂಬಾ ಹಗುರವಾದ ಅಣುಗಳನ್ನು ಮಾತ್ರ ಅದು ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಗಳ ಮಟ್ಟಿಗೆ ನನ್ನ ಆಯ್ಕೆ ಟ್ಯೂಬೇ.

ಕೋಣೆ ಮತ್ತು ಮನುಷ್ಯ

ಪ್ರತಿ ಸಲವೂ ಕೋಣೆಯ ಗಾಳಿಯದೂ ಒಂದು ಸ್ಯಾಂಪಲ್ ಬೇಕು. ಬಿಳಿ ಫಿನಾಯಿಲ್‌ನಲ್ಲಿ ಪೈನ್ ಎಣ್ಣೆ ಇದ್ದರೆ ನೆಲ ಒರೆಸಿದ ಮೇಲೆ ಪೈನೀನ್ ಬರುತ್ತದೆ. ಸ್ಯಾನಿಟೈಸರ್‌ನಿಂದ ಐಸೊಪ್ರೊಪನಾಲ್. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣಿನ ಶರಬತ್ತು ಕುಡಿದು ಬಂದವರ ಉಸಿರಿನಲ್ಲಿ ಲಿಮೊನೀನ್ ಕಂಡರೆ ಅದು ರೋಗದ ಗುರುತಲ್ಲ, ಅಲ್ವಾ? ರೊಟ್ಟಿ ಜೊತೆ ಬೆಳ್ಳುಳ್ಳಿ ಚಟ್ನಿ ತಿಂದವರದು ಇನ್ನೂ ಬೇರೆ ಕಥೆ. ಅಲೈಲ್ ಮೀಥೈಲ್ ಸಲ್ಫೈಡ್ ರಕ್ತಕ್ಕೆ ಸೇರಿ ಗಂಟೆಗಟ್ಟಲೆ ಉಸಿರಿನಲ್ಲಿ ಬರುತ್ತದೆ. ಬಾಯಿ ಮುಕ್ಕಳಿಸಿದರೂ ಹೋಗುವುದಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಕೂಡಲೇ ಊದಿಸಬೇಡಿ, ಐಸೊಪ್ರೀನ್ ಹಲವು ಪಟ್ಟು ಏರಿರುತ್ತದೆ. ಹತ್ತು-ಹದಿನೈದು ನಿಮಿಷ ಕೂರಿಸಿ.

ಸಾಧನ ಊದಲು ಎಷ್ಟು ಬಿಗಿ ಇದೆ ಅನ್ನುವುದನ್ನೂ ಅಳೆಯಿರಿ. ಉಬ್ಬಸ ಇರುವ ಅಜ್ಜಿಗೆ, ಚಿಕ್ಕ ಮಕ್ಕಳಿಗೆ ಊದಲು ಆಗದ ಸಾಧನ ಆಸ್ಪತ್ರೆಯಲ್ಲಿ ನಿಲ್ಲುವುದಿಲ್ಲ.

ಏರಿಳಿತ ಯಾರದು?

ಒಬ್ಬರಿಂದ ಐದು ಸಲ ಊದಿಸಿ, ಫಲಿತಾಂಶ 20% ಏರಿಳಿತ ಆದರೆ ಸಾಧನವನ್ನು ಬೈಯಬೇಡಿ. ಮೊದಲು ಒದ್ದೆ ಸ್ಟ್ಯಾಂಡರ್ಡ್ ಗ್ಯಾಸಿನಿಂದ ಐದು ಸಲ ತೆಗೆಯಿರಿ. ಅದರಲ್ಲಿ 5% ಬಂದರೆ, ವರ್ಗಗಳನ್ನು ಕಳೆಯಬೇಕು: 20ರ ವರ್ಗ 400ರಲ್ಲಿ 5ರ ವರ್ಗ 25 ಹೋದರೆ 375, ಅದರ ವರ್ಗಮೂಲ 19.4. ಬಹುತೇಕ ಏರಿಳಿತ ಆ ವ್ಯಕ್ತಿಯದೇ.

ಇದೆಲ್ಲ ಆದ ಮೇಲೆ ಜೀವಂತ ಮನುಷ್ಯರಲ್ಲಿ ನೋಡಲು ಪೆಪ್ಪರ್‌ಮಿಂಟ್ ಪ್ರಯೋಗ ಇದೆ. ಬೇರೆ ಬೇರೆ ದೇಶದ ಲ್ಯಾಬ್‌ಗಳು ತಮ್ಮ ಸಾಧನಗಳನ್ನು ಹೋಲಿಸಲು ಇದನ್ನೇ ಬಳಸುತ್ತವೆ. ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ನುಂಗಿಸಿ, ಮೆಂಥೋನ್, ಯೂಕಲಿಪ್ಟಾಲ್, ಲಿಮೊನೀನ್‌ನಂಥವು ಉಸಿರಿನಲ್ಲಿ ಏರಿ ಇಳಿಯುವುದನ್ನು ಕೆಲವು ಗಂಟೆ ಅಳೆಯುತ್ತಾರೆ. ಕ್ಯಾಪ್ಸೂಲ್ ನುಂಗುವ ಮೊದಲಿನ ಉಸಿರು ಕಡ್ಡಾಯ. ಇಳಿಯುವ ಗೆರೆಯ ಕೊನೆಯವರೆಗೂ ಆ ಮಟ್ಟದಿಂದ ಬೇರೆಯಾಗಿ ಓದಿ ಹೇಳುವ ಸಾಧನ ಸಣ್ಣ ಬದಲಾವಣೆಯನ್ನೂ ಹಿಡಿಯಬಲ್ಲದು. ಶರಬತ್ತು, ಮಿಂಟ್ ಗೋಳಿ, ವೀಳ್ಯದೆಲೆ ಎಲ್ಲವನ್ನೂ ಹಿಂದಿನ ರಾತ್ರಿಯಿಂದಲೇ ಬಿಡಲು ಹೇಳಿ.