ಈ ಕರೆ ಯಾರದ್ದು? ಆರ್‌ಪಿಸಿ ಸರ್ವರ್‌ಗಳ ಹಳೇ ತಲೆನೋವು

ಎಚ್‌ಎಸ್‌ಆರ್ ಲೇಔಟ್‌ನ ಒಂದು ಆಫೀಸಿನಲ್ಲಿ ಹಿಂದೊಮ್ಮೆ ನಾನು ಬರೆದ ಸರ್ವರ್ ಟೆಸ್ಟಿಂಗ್‌ನಲ್ಲಿ ಸೊಗಸಾಗಿ ಓಡುತ್ತಿತ್ತು. ಟೆಸ್ಟ್ ಮಾಡುತ್ತಿದ್ದವರು ಒಬ್ಬರೇ, ಅದಕ್ಕೆ. ಇನ್ನೊಬ್ಬರು ಲಾಗಿನ್ ಆದರು ನೋಡಿ, ಮೊದಲಿನವರ ಪರದೆಯಲ್ಲಿ ಇವರ ಹೆಸರು ಬಂತು! ತಪ್ಪು ನನ್ನದೇ. ಲಾಗಿನ್ ಆದವರ ಹೆಸರನ್ನು, ಬಂದ ಕರೆಗಳಿಗೆ ಉತ್ತರ ಕೊಡುವ ಹ್ಯಾಂಡ್ಲರ್ ಆಬ್ಜೆಕ್ಟ್‌ನೊಳಗೆ ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಕ್ಲೈಂಟ್‌ಗಳಿಗೆಲ್ಲ, ಅಂದರೆ ಸರ್ವರ್‌ಗೆ ಕರೆ ಕಳಿಸುವ ಪ್ರೋಗ್ರಾಮ್‌ಗಳಿಗೆಲ್ಲ, ಆ ಹ್ಯಾಂಡ್ಲರ್ ಒಂದೇ ಅಂತ ಹೊಳೆದಿರಲಿಲ್ಲ.

ಇದರಲ್ಲಿ ಆರ್‌ಪಿಸಿಯ, ಅಂದರೆ ದೂರದ ಮಷಿನ್‌ನ ಫಂಕ್ಷನ್ನನ್ನು ಕರೆಯುವ 'ರಿಮೋಟ್ ಪ್ರೊಸೀಜರ್ ಕಾಲ್' ವಿಧಾನದ, ಹುಟ್ಟುಗುಣದ ಪಾಲೂ ಇದೆ. ಇನ್ನೊಂದು ಮಷಿನ್‌ನಲ್ಲಿರುವ ಫಂಕ್ಷನ್ನು ನಮ್ಮದೇ ಫಂಕ್ಷನ್ನಿನಂತೆ ಕಾಣಬೇಕು ಅನ್ನುವುದೇ ಅದರ ಆಸೆ. ಮನೆಯೊಳಗಿನ ಫಂಕ್ಷನ್ನು 'ಕರೆದವರು ಯಾರು?' ಅಂತ ಕೇಳುವುದಿಲ್ಲವಲ್ಲ. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ 'ಪಾರ್ಕ್‌'ನ ಬಿರೆಲ್ ಮತ್ತು ನೆಲ್ಸನ್ ಆರ್‌ಪಿಸಿ ಬಗ್ಗೆ ಬರೆದ 1984ರ ತಮ್ಮ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಮರೆತಿರಲಿಲ್ಲ. ಪ್ರತಿ ಕರೆಯಲ್ಲೂ ಯಾವ ಮಷಿನ್, ಯಾವ ಪ್ರೋಸೆಸ್, ಎಷ್ಟನೇ ಕರೆ ಅನ್ನುವ ಗುರುತು ಇರುತ್ತಿತ್ತು. ಒಬ್ಬರಿಂದ ಕೊನೆಗೆ ಬಂದ ಸಂಖ್ಯೆಯನ್ನು ಸರ್ವರ್ ನೆನಪಿಟ್ಟುಕೊಂಡು, ಮತ್ತೆ ಬಂದ ಹಳೇ ಕರೆಯನ್ನು ಎರಡನೇ ಸಲ ನಡೆಸದೆ ಬಿಡುತ್ತಿತ್ತು. ಆದರೆ ಈ ಲೆಕ್ಕವೆಲ್ಲ ತೆರೆಯ ಹಿಂದೆ. ಪ್ರೋಗ್ರಾಮರ್ ಕಣ್ಣಿಗೆ ಬೀಳುತ್ತಿರಲಿಲ್ಲ.

ಸರ್ವರ್‌ನ ಈ ನೆನಪನ್ನೇ ಆದಷ್ಟು ಕಡಿಮೆ ಮಾಡೋಣ ಅಂದವರು ಸನ್ ಅನ್ನುವ ಕಂಪ್ಯೂಟರ್ ಕಂಪನಿಯವರು. ಇನ್ನೊಂದು ಮಷಿನ್‌ನ ಫೈಲುಗಳನ್ನು ನೆಟ್‌ವರ್ಕ್ ಮೇಲೆ ಬಳಸಲು 1980ರ ದಶಕದಲ್ಲಿ ಅವರು ಮಾಡಿದ ಎನ್‌ಎಫ್‌ಎಸ್ ನಮ್ಮ ದರ್ಶಿನಿ ಕೂಪನ್ ಇದ್ದ ಹಾಗೆ. ಕೂಪನ್‌ನಲ್ಲಿ 'ಎರಡು ಇಡ್ಲಿ, ಒಂದು ವಡೆ' ಅಂತ ಇದ್ದರೆ ಸಾಕು, ಕೌಂಟರಿನವನಿಗೆ ನೀವು ಯಾರಾದರೇನು? ಹಾಗೇ ಯಾವ ಫೈಲು, ಎಲ್ಲಿಂದ, ಎಷ್ಟು ಬೈಟ್ ಅನ್ನುವುದು ಪ್ರತಿ ಕರೆಯಲ್ಲೇ ಇರುತ್ತಿತ್ತು. ಕರೆಂಟು ಹೋಗಿ ಸರ್ವರ್ ಬಿದ್ದರೂ ಕ್ಲೈಂಟ್ ಅದನ್ನೇ ಕೇಳುತ್ತಾ ಕೂರುತ್ತದೆ. ಸರ್ವರ್ ಎದ್ದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ಉತ್ತರ ಕೊಡುತ್ತದೆ. ನನಗೆ ಈಗಲೂ ಇಷ್ಟವಾಗುವ ಉಪಾಯ ಇದು.

ತೊಡಕು ಬಂದದ್ದು ಫೈಲ್ ಅಳಿಸುವಾಗ. ಸರ್ವರ್ ಅಳಿಸಿತು, ಉತ್ತರ ದಾರಿಯಲ್ಲಿ ಕಳೆದುಹೋಯಿತು ಅನ್ನಿ. ಕ್ಲೈಂಟ್ ಮತ್ತೆ ಕೇಳಿದರೆ 'ಅಂಥ ಫೈಲೇ ಇಲ್ಲ' ಅನ್ನುವ ಉತ್ತರ! ಹಾಗಾಗಿ ಇತ್ತೀಚಿನ ಕರೆಗಳನ್ನೂ ಅವುಗಳ ಉತ್ತರಗಳನ್ನೂ ಸರ್ವರ್‌ಗಳು ಸುಮ್ನೆ ಒಂದು ಮೂಲೆಯಲ್ಲಿ ಇಟ್ಟುಕೊಳ್ಳತೊಡಗಿದವು. ಒಬ್ಬರು ಬಳಸುವಾಗ ಇನ್ನೊಬ್ಬರು ಮುಟ್ಟದಂತೆ ಫೈಲಿಗೆ ಬೀಗ ಹಾಕುವ ಕೆಲಸವಂತೂ ನೆನಪಿಲ್ಲದೆ ಆಗುವಂಥದ್ದೇ ಅಲ್ಲ. ಅದಕ್ಕೆ ಬೇರೆಯೇ ಪ್ರೋಟೋಕಾಲ್ ಬಂತು. ಹೊರಗೆ ಕಳಿಸಿದ ನೆನಪು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತ್ತು. ಆಮೇಲೆ ಎನ್‌ಎಫ್‌ಎಸ್ 4 ಮುಂಬಾಗಿಲನ್ನೇ ತೆರೆಯಿತು: ಪ್ರತಿ ಕ್ಲೈಂಟ್‌ಗೂ ಒಂದು ಗುರುತು, ಜೊತೆಗೆ ಒಂದು ವಾಯಿದೆ. ಲಿನಕ್ಸ್ ಸರ್ವರ್‌ನಲ್ಲಿ ಈ ವಾಯಿದೆ ಸಾಮಾನ್ಯವಾಗಿ 90 ಸೆಕೆಂಡು. ಅಷ್ಟರಲ್ಲಿ ಕ್ಲೈಂಟ್ ಉಸಿರೆತ್ತದಿದ್ದರೆ ಅದರ ಬೀಗಗಳಿಗೆ ಖಾತ್ರಿ ಇಲ್ಲ. 2010ರಲ್ಲಿ ಬಂದ 4.1ನೇ ಆವೃತ್ತಿಯಲ್ಲಿ 'ಸೆಷನ್' ಅನ್ನುವ ಹೆಸರೇ ಸಿಕ್ಕಿತು.

ಡಿಸಿಇ (ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ ಎನ್ವಿರಾನ್‌ಮೆಂಟ್) ಅನ್ನುವ ವ್ಯವಸ್ಥೆಯ ಆರ್‌ಪಿಸಿ ಹಿಡಿದದ್ದು ಇನ್ನೊಂದು ದಾರಿ. ಕಡಲೆಕಾಯಿ ಪರಿಷೆಯ ದಿನ ದೇವಸ್ಥಾನದ ಮುಂದೆ ಚಪ್ಪಲಿ ಕಾಯುವವರು ಟೋಕನ್ ಕೊಡುತ್ತಾರಲ್ಲ, ಡಿಸಿಇಯ 'ಕಾಂಟೆಕ್ಸ್ಟ್ ಹ್ಯಾಂಡಲ್' ಥೇಟ್ ಅದೇ. ಚಪ್ಪಲಿ ಸರ್ವರ್ ಹತ್ತಿರ, ಟೋಕನ್ ನಿಮ್ಮ ಹತ್ತಿರ. ಟೋಕನ್ ಹಿಡಿದವರು ಬರಲೇ ಇಲ್ಲ ಅಂದರೆ? ಕ್ಲೈಂಟ್ ಸತ್ತಿದೆ ಅಂತ ಗೊತ್ತಾದಾಗ ಗೂಡು ಖಾಲಿ ಮಾಡಲು ಸರ್ವರ್‌ನಲ್ಲಿ 'ರನ್‌ಡೌನ್' ಅನ್ನುವ ಫಂಕ್ಷನ್ ಬರೆದಿಡಬಹುದು. ಅದನ್ನು ಬರೆಯಲು ಮರೆತವರ ಸರ್ವರ್‌ನಲ್ಲಿ ಅನಾಥ ಚಪ್ಪಲಿಗಳೇ ಜಾಸ್ತಿ.

ಫೇಸ್‌ಬುಕ್ 2007ರಲ್ಲಿ ಹೊರಬಿಟ್ಟ ಥ್ರಿಫ್ಟ್ ಅನ್ನುವ ಆರ್‌ಪಿಸಿ ಸಲಕರಣೆಯಲ್ಲೇ ನಾನು ಎಡವಿದ್ದು. ಕನೆಕ್ಷನ್‌ಗೊಂದು ಕಾಂಟೆಕ್ಸ್ಟ್, ಅಂದರೆ ಅದರದೇ ನೆನಪು, ಇಟ್ಟುಕೊಳ್ಳಲು ಅದರಲ್ಲಿ ದಾರಿ ಇದೆ, ಹುಡುಕಬೇಕು ಅಷ್ಟೇ. ಆದರೆ ಕನೆಕ್ಷನ್ ಅಂದರೇ ಕ್ಲೈಂಟ್ ಅನ್ನುವ ಲೆಕ್ಕವೂ ಈಗ ನಿಲ್ಲುವುದಿಲ್ಲ. ಗೂಗಲ್ 2015ರಲ್ಲಿ ತೆರೆದಿಟ್ಟ ಜಿಆರ್‌ಪಿಸಿ ಅನ್ನುವ ಇಂಥದ್ದೇ ಸಲಕರಣೆ ವೆಬ್‌ನ ಎಚ್‌ಟಿಟಿಪಿ/2 ಪ್ರೋಟೋಕಾಲ್ ಮೇಲೆ ಓಡುತ್ತದೆ. ಒಂದೇ ಕನೆಕ್ಷನ್‌ನಲ್ಲಿ ಹತ್ತಾರು ಕರೆಗಳು ಒಟ್ಟಿಗೆ ಹೋಗುತ್ತವೆ. ನಡುವೆ ಕರೆಗಳನ್ನು ದಾಟಿಸುವ ಪ್ರಾಕ್ಸಿ ಸರ್ವರ್ ಇದ್ದರೆ ಬೇರೆ ಬೇರೆ ಜನರ ಕರೆಗಳು ಒಂದೇ ಬಿಎಂಟಿಸಿ ಬಸ್ಸು ಹತ್ತಿ ಬರಬಹುದು. ಬಸ್ ನಂಬರ್ ನೋಡಿ ಪ್ರಯಾಣಿಕರನ್ನು ಗುರುತಿಸೋಕಾಗುತ್ತಾ? ಅದಕ್ಕೇ ಪ್ರತಿ ಕರೆಯ ಜೊತೆ ಮೆಟಾಡೇಟಾದಲ್ಲಿ (ಕರೆಗೆ ಅಂಟಿಸಿದ ಹೆಚ್ಚುವರಿ ವಿವರಗಳಲ್ಲಿ) ಕರೆದವರ ಗುರುತಿನ ಟೋಕನ್ ಕಳಿಸುವುದು ರೂಢಿಯಾಗಿದೆ.

ನಾನೂ ಕೊನೆಗೆ ಮಾಡಿದ್ದು ಅದನ್ನೇ. ವೇರಿಯಬಲ್ ಕಿತ್ತುಹಾಕಿ, ಪ್ರತಿ ಕರೆಗೂ ಒಂದು ಟೋಕನ್ ಸೇರಿಸಿ, ಸರ್ವರ್‌ನಲ್ಲಿ ಟೋಕನ್ನಿಗೊಂದು ಗೂಡು ಮಾಡಿದೆ. ವಾಯಿದೆ ಮಾತ್ರ ಇಟ್ಟಿರಲಿಲ್ಲ. ಮೂರು ವಾರಕ್ಕೆ ಸರ್ವರ್‌ನ ಮೆಮೊರಿ ತುಂಬಿತು.